ಕಾಲು ನೋಯುತ್ತಿದೆ, ಬೆನ್ನಿಗೆ ಯಾಕೆ ಚಿಕಿತ್ಸೆ? ಸಯಾಟಿಕಾ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಸೊಂಟದಿಂದ ಕಾಲಿಗೆ ಇಳಿಯುವ ನೋವಿನ, ಅಂದರೆ ಸಯಾಟಿಕಾದ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೂರನೇ ಪ್ರಶ್ನೆಯ ಉತ್ತರವನ್ನು ಮಾತ್ರ ಯಾರೂ ಬಿಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿದರೂ ನಡೆಯುತ್ತದೆ.

ಪ್ರಶ್ನೆ: ನನಗೆ 34 ವರ್ಷ, ಕಂಪ್ಯೂಟರ್ ಮುಂದೆ ಕೂತು ಕೆಲಸ. ಮೂರು ವಾರದಿಂದ ಎಡಗಡೆ ಪಿರ್ರೆಯಿಂದ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ನೋವು. ಸೊಂಟದಲ್ಲಿ ನೋವೇ ಇಲ್ಲ. ಡಾಕ್ಟರು ಕಾಲನ್ನು ಮುಟ್ಟಿಯೂ ನೋಡದೆ ಇದು ಬೆನ್ನಿನ ತೊಂದರೆ ಅಂದರು. ಕಾಲು ನೋಯುತ್ತಿದ್ದರೆ ಬೆನ್ನಿಗೆ ಯಾಕೆ ಚಿಕಿತ್ಸೆ?

ನಿಮ್ಮ ಅನುಮಾನ ಸಹಜವೇ. ಕಾಲನ್ನು ಪರೀಕ್ಷೆ ಮಾಡಲೇಬೇಕಿತ್ತು, ಅದು ಯಾಕೆ ಅಂತ ಮುಂದಿನ ಉತ್ತರದಲ್ಲಿ ಹೇಳುತ್ತೇನೆ. ಆದರೆ ಅವರು ಹೇಳಿದ್ದು ಬಹುಶಃ ಸರಿಯೇ.

ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪದ, ಅತಿ ಉದ್ದದ ನರ. ಪಿರ್ರೆಯ ಹತ್ತಿರ ಅದರ ಅಗಲ ಸುಮಾರು 2 ಸೆಂಟಿಮೀಟರ್. ಬೆನ್ನುಮೂಳೆಯ ಕೆಳತುದಿಯಿಂದ ಹೊರಬರುವ ಐದು ಬೇರುಗಳು, ಅಂದರೆ ಸೊಂಟದ ಭಾಗದ (ಎಲ್) ಮತ್ತು ಅದರ ಕೆಳಗಿನ ತ್ರಿಕಾಸ್ಥಿಯ (ಎಸ್) ಬೇರುಗಳಾದ ಎಲ್‌4, ಎಲ್‌5, ಎಸ್‌1, ಎಸ್‌2, ಎಸ್‌3, ಒಟ್ಟಾಗಿ ಈ ನರ ಆಗುತ್ತದೆ. ಅದು ಪಿರಿಫಾರ್ಮಿಸ್ ಅನ್ನುವ ಸ್ನಾಯುವಿನ ಅಡಿಯಿಂದ ಪಿರ್ರೆಗೆ ಬಂದು, ತೊಡೆಯ ಹಿಂದೆ ಇಳಿದು, ಮೊಣಕಾಲಿಗಿಂತ ಸ್ವಲ್ಪ ಮೇಲೆ ಎರಡಾಗಿ ಕವಲೊಡೆದು ಮೀನಖಂಡ, ಪಾದ, ಬೆರಳುಗಳವರೆಗೂ ಹೋಗುತ್ತದೆ. ಗೇಟಿನ ಹತ್ತಿರ ಗುಂಡಿ ಒತ್ತಿದರೆ ಗಂಟೆ ಮನೆಯೊಳಗೆ ಬಾರಿಸುತ್ತದೆ ಅಲ್ವಾ, ಹಾಗೆ ಬೇರಿನ ಹತ್ತಿರ ಏನಾದರೂ ಆದರೆ ನೋವು ತಿಳಿಯುವುದು ಆ ನರ ಹೋಗಿ ಮುಟ್ಟುವ ಜಾಗದಲ್ಲಿ. ಸೊಂಟ ಸ್ವಲ್ಪವೂ ನೋಯದೆ ಬರೀ ಕಾಲು ನೋಯುವುದು ತುಂಬಾ ಜನರಲ್ಲಿ ಕಾಣುತ್ತದೆ.

ಬೇರಿಗೆ ಏನಾಗುತ್ತದೆ? ಎರಡು ಮೂಳೆಗಳ ನಡುವಿನ ಡಿಸ್ಕಿನಲ್ಲಿ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಮೆತ್ತನೆಯ ತಿರುಳು ಇರುತ್ತದೆ. ಉಂಗುರದಲ್ಲಿ ಬಿರುಕು ಬಿದ್ದು ತಿರುಳು ಹಿಂದಕ್ಕೆ, ಪಕ್ಕಕ್ಕೆ ಉಬ್ಬುತ್ತದೆ, ಕೆಲವೊಮ್ಮೆ ಹೊರಗೇ ಬಂದುಬಿಡುತ್ತದೆ. ಜನ ಇದನ್ನೇ ಡಿಸ್ಕ್ ಜಾರಿದೆ ಅನ್ನುತ್ತಾರೆ, ಆದರೆ ಡಿಸ್ಕ್ ತನ್ನ ಜಾಗ ಬಿಟ್ಟು ಎಲ್ಲಿಗೂ ಜಾರುವುದಿಲ್ಲ. ಈ ತೊಂದರೆ ಹೆಚ್ಚಾಗಿ ಆಗುವುದು ಕೊನೆಯ ಎರಡು ಡಿಸ್ಕುಗಳಲ್ಲಿ.

ಹೀಗೆ ಬಂದ ಡಿಸ್ಕ್ ನರವನ್ನು ಒತ್ತುತ್ತದೆ ಅಂತ 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಅಮೆರಿಕದ ಸರ್ಜನ್‌ಗಳು ತೋರಿಸಿಕೊಟ್ಟರು. ಆಗಿನಿಂದ "ಒತ್ತುವುದು" ಅನ್ನುವುದೊಂದೇ ಎಲ್ಲರ ತಲೆಯಲ್ಲಿ ಕೂತಿದೆ. ಅದು ಅರ್ಧ ಮಾತ್ರ. ಹೊರಬಂದ ತಿರುಳಿನಲ್ಲಿರುವ ರಾಸಾಯನಿಕಗಳು ನರದ ಬೇರಿನ ಸುತ್ತ ಉರಿಯೂತ ಎಬ್ಬಿಸುತ್ತವೆ, ಹಾಗೆ ಕೆರಳಿದ ನರ ಸಣ್ಣ ಒತ್ತಡಕ್ಕೂ ಚೀರುತ್ತದೆ. ಎಷ್ಟೋ ಜನರಿಗೆ ಸ್ಕ್ಯಾನಿನಲ್ಲಿ ಡಿಸ್ಕ್ ಇದ್ದ ಹಾಗೇ ಇದ್ದರೂ ನೋವು ಹೋಗಿರುತ್ತದೆ. ಉರಿಯೂತ ಇಳಿದರೆ ನರ ಸುಮ್ಮನಾಗುತ್ತದೆ.

ಪ್ರಶ್ನೆ: ಕಾಲು ನೋವೆಲ್ಲ ಸಯಾಟಿಕಾನೇನಾ? ಇದು ಅದೇ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಖಂಡಿತ ಅಲ್ಲ. ಸೊಂಟ ನೋವು ಪಿರ್ರೆಗೆ, ತೊಡೆಗೆ ಇಳಿದರೆ ಸಾಕು, ಸಯಾಟಿಕಾ ಅಂತ ಹೆಸರಿಟ್ಟುಬಿಡುತ್ತಾರೆ. ನಿಜವಾದ ಸಯಾಟಿಕಾ ಸಾಮಾನ್ಯವಾಗಿ ಒಂದೇ ಕಾಲಲ್ಲಿ ಇರುತ್ತದೆ, ಮೊಣಕಾಲಿನ ಕೆಳಗೂ ಹೋಗುತ್ತದೆ, ಸೊಂಟಕ್ಕಿಂತ ಕಾಲಲ್ಲೇ ಜಾಸ್ತಿ ಇರುತ್ತದೆ. ನೋವಿನ ಜೊತೆ ಜುಮ್ಮೆನ್ನುವುದು, ಮರಗಟ್ಟುವುದು ಇರಬಹುದು. ಕೆಮ್ಮಿದಾಗ, ಸೀನಿದಾಗ, ಶೌಚಕ್ಕೆ ಮುಕ್ಕಿದಾಗ ಚಳುಕು ಕಾಲಿಗೆ ಹೊಡೆಯುತ್ತದೆ.

ನೋವು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಬಹಳ ಮುಖ್ಯ. ಕಾಲಿನ ಹೊರಬದಿಯಿಂದ ಬಂದು ಪಾದದ ಮೇಲ್ಭಾಗ, ಹೆಬ್ಬೆರಳಿಗೆ ಹೋದರೆ ಎಲ್‌5 ಬೇರಿನ ಕಡೆ ಗಮನ ಹೋಗುತ್ತದೆ. ಮೀನಖಂಡದ ಹಿಂದಿನಿಂದ ಹಿಮ್ಮಡಿ, ಪಾದದ ಹೊರ ಅಂಚು, ಕಿರುಬೆರಳಿಗೆ ಹೋದರೆ ಎಸ್‌1. ಆದ್ದರಿಂದ ಡಾಕ್ಟರ ಹತ್ತಿರ "ಕಾಲು ನೋವು" ಅಂತಷ್ಟೇ ಹೇಳಿ ಸುಮ್ಮನಾಗಬೇಡಿ. ಬೆರಳಿನಿಂದ ದಾರಿ ತೋರಿಸಿ.

ಶಕ್ತಿ ಹೇಗಿದೆ ಅಂತ ನೀವೇ ನೋಡಿಕೊಳ್ಳಬಹುದು. ಬರಿಗಾಲಲ್ಲಿ ಗೋಡೆಯ ಪಕ್ಕ ನಿಂತು, ಬರೀ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ನೋವಿನ ಕಾಲಿನ ಮುಂಭಾಗ ಮೇಲೆ ನಿಲ್ಲದೆ ನೆಲಕ್ಕೆ ಬೀಳುತ್ತಿದೆಯಾ? ಆಮೇಲೆ ಗೋಡೆಗೆ ಕೈ ಕೊಟ್ಟು, ಒಂದೇ ಕಾಲಿನ ತುದಿಬೆರಳ ಮೇಲೆ ಎದ್ದು ಇಳಿಯಿರಿ. ಒಳ್ಳೆಯ ಕಾಲಲ್ಲಿ ಹತ್ತು ಸಲ ಆಗುವುದು ನೋವಿನ ಕಾಲಲ್ಲಿ ಎರಡು ಸಲಕ್ಕೇ ಸೋಲುತ್ತಿದೆಯಾ? ಕೊನೆಗೆ ಕೂತುಕೊಂಡು ಎರಡೂ ಹೆಬ್ಬೆರಳನ್ನು ಮೇಲಕ್ಕೆತ್ತಿ, ಬೇರೆಯವರಿಗೆ ಒತ್ತಲು ಹೇಳಿ. ಒಂದು ಸುಲಭವಾಗಿ ಬಗ್ಗಿದರೆ ಆ ಕಡೆ ಎಲ್‌5 ಸೋತಿದೆ ಅಂತ ಲೆಕ್ಕ. ನೋವಿಗೆ ಹೆದರಿ ಕಾಲು ಬಿಡುವುದು ಬೇರೆ, ಪ್ರಯತ್ನ ಪಟ್ಟರೂ ಏಳದಿರುವುದು ಬೇರೆ. ಎರಡನೆಯದಾದರೆ ತಡಮಾಡಬೇಡಿ, ಡಾಕ್ಟರಿಗೆ ತೋರಿಸಿ.

ಡಾಕ್ಟರು ನಿಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಕಾಲನ್ನು ನಿಧಾನವಾಗಿ ಎತ್ತುತ್ತಾರೆ. 30ರಿಂದ 70 ಡಿಗ್ರಿಯೊಳಗೆ ನಿಮ್ಮ ಅದೇ ಹಳೆಯ ನೋವು ಮೊಣಕಾಲಿನ ಕೆಳಗೆ ಹೊಡೆದರೆ ನರದ ಬೇರು ಕೆರಳಿದೆ ಅಂತ ಅರ್ಥ. ಬರೀ ತೊಡೆಯ ಹಿಂದೆ ಬಿಗಿದರೆ ಅದು ಸ್ನಾಯುವಿನ ಬಿಗಿತ, ಅಷ್ಟೇ. ಒಳ್ಳೆಯ ಕಾಲನ್ನು ಎತ್ತಿದಾಗ ನೋವಿನ ಕಾಲಿಗೆ ಹೊಡೆದರೆ ಡಿಸ್ಕಿನ ಅನುಮಾನ ಇನ್ನೂ ಬಲವಾಗುತ್ತದೆ. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು. ಈ ಐದು ನಿಮಿಷ ಕೊಡದೆ ನೇರ ಸ್ಕ್ಯಾನಿಗೆ ಬರೆದುಕೊಟ್ಟರೆ, ಪರೀಕ್ಷೆ ಮಾಡಿ ನೋಡಿ ಅಂತ ಕೇಳುವ ಹಕ್ಕು ನಿಮಗಿದೆ.

ಇನ್ನು ಬೇರೆ ನೋವುಗಳು. ಎರಡೂ ಅಂಗಾಲು ಉರಿಯುತ್ತಿದ್ದರೆ ಸಕ್ಕರೆ ಕಾಯಿಲೆ, ಬಿ12 ಕೊರತೆ ನೋಡಬೇಕು. ತೊಡೆಸಂದಿಯಲ್ಲಿ ನೋವಿದ್ದು ಕಾಲುಚೀಲ ಹಾಕಲು ಕಷ್ಟವಾದರೆ ಸೊಂಟದ ಕೀಲು ಸವೆದಿರಬಹುದು. ನೋವಿನ ದಾರಿಯಲ್ಲೇ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಅದೇ ದಿನ ತೋರಿಸಬೇಕು.

ಪ್ರಶ್ನೆ: ಯಾವಾಗ ಕಾಯಬಹುದು, ಯಾವಾಗ ಓಡಬೇಕು? ನನ್ನ ಅಣ್ಣನಿಗೆ ಮೊದಲು ಬಲಗಾಲು ನೋವಿತ್ತು. ಈಗ ಎರಡೂ ಕಾಲು ನೋವು, ಮೂತ್ರ ಸರಿಯಾಗಿ ಹೋಗುತ್ತಿಲ್ಲ ಅನ್ನುತ್ತಾನೆ. ನೋವಿನ ಮಾತ್ರೆಯಿಂದ ಹೀಗಾಗಿರಬಹುದಾ?

ಈ ಪತ್ರ ಕಂಡ ಕೂಡಲೇ ಬರೆದವರಿಗೆ ನೇರವಾಗಿ ಉತ್ತರ ಕಳಿಸಿದ್ದೇನೆ. ಬೇರೆ ಯಾರಿಗಾದರೂ ಹೀಗಾದರೆ ಪತ್ರಿಕೆಗೆ ಬರೆದು ಕಾಯಬೇಡಿ. ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಗಲೇ ಹೊರಡಿ. ರಾತ್ರಿಯಾದರೂ ಸರಿ.

ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ನರಗಳ ಒಂದು ಕಟ್ಟು ಇಳಿದಿರುತ್ತದೆ, ಕಾಡಾ ಇಕ್ವೈನಾ ಅಂತ ಅದರ ಹೆಸರು. ಕಾಲುಗಳ ಜೊತೆಗೆ ಮೂತ್ರಕೋಶ, ಮಲದ್ವಾರ, ಜನನಾಂಗಗಳ ನರಗಳೂ ಅದರಲ್ಲೇ ಇರುತ್ತವೆ. ದೊಡ್ಡ ಡಿಸ್ಕ್ ತುಂಡೊಂದು ಮಧ್ಯಕ್ಕೆ ಬಂದು ಇಡೀ ಕಟ್ಟನ್ನೇ ಹಿಸುಕಿದರೆ ಅದು ತುರ್ತು ಸ್ಥಿತಿ. ಅಪರೂಪ, ಆದರೆ ತಪ್ಪಿಸಿಕೊಂಡರೆ ಮೂತ್ರದ ಹಿಡಿತ ಜೀವನಪೂರ್ತಿ ಹೋಗಬಹುದು. ಸರ್ಜರಿ ಬೇಕಾದರೆ ಗಂಟೆಗಳ ಲೆಕ್ಕದಲ್ಲಿ ಆಗಬೇಕು.

ಗಮನಿಸಬೇಕಾದದ್ದು ಇವು. ಮೂತ್ರ ಬರುತ್ತಿದೆ ಅಂತ ತಿಳಿಯದಿರುವುದು, ಶುರುಮಾಡಲು ಕಷ್ಟವಾಗುವುದು, ಧಾರೆ ಸಣ್ಣದಾಗುವುದು, ಪೂರ್ತಿ ನಿಂತೇ ಹೋಗುವುದು, ಅಥವಾ ಗೊತ್ತಿಲ್ಲದೆ ಸೋರುವುದು. ಮಲದ ಹಿಡಿತ ತಪ್ಪುವುದು. ತೊಡೆಗಳ ಒಳಭಾಗ, ಮಲದ್ವಾರ, ಜನನಾಂಗದ ಸುತ್ತ, ಅಂದರೆ ಕುರ್ಚಿಗೆ ತಾಗುವ ಜಾಗದಲ್ಲಿ, ಸ್ಪರ್ಶ ಮಂದವಾಗುವುದು. ಶೌಚದ ನಂತರ ತೊಳೆದುಕೊಳ್ಳುವಾಗ ನೀರು ತಾಗಿದ್ದು ಮಾಮೂಲಿನಂತೆ ತಿಳಿಯುತ್ತಿಲ್ಲ ಅನ್ನಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ಲೈಂಗಿಕ ಸ್ಪರ್ಶ ಗೊತ್ತಾಗದಿರುವುದು. ಎರಡೂ ಕಾಲಿಗೆ ನೋವು ಅಥವಾ ಬಲಹೀನತೆ ಬರುವುದು. ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಸಾಕು, ಎಲ್ಲವೂ ಬರಲಿ ಅಂತ ಕಾಯುವಂತಿಲ್ಲ. ನಾಚಿಕೊಂಡು ಮುಚ್ಚಿಡುವವರು ತುಂಬಾ ಜನ. ದಯವಿಟ್ಟು ಬಾಯಿಬಿಟ್ಟು ಹೇಳಿ. ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟುವುದೂ ಉಂಟು, ನಿಜ. ಆದರೆ ಕಾರಣ ಮಾತ್ರೆಯೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು.

ಪಾದ ಎತ್ತಲು ಆಗದೆ ನಡೆಯುವಾಗ ಎಳೆಯುತ್ತಿದ್ದರೆ, ಶಕ್ತಿ ದಿನದಿನಕ್ಕೆ ಕಮ್ಮಿಯಾಗುತ್ತಿದ್ದರೆ ಅದನ್ನೂ ಬೇಗ ತೋರಿಸಿ, ಒಂದೆರಡು ದಿನದೊಳಗೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಜ್ವರ ಇರುವವರು, ಸುಮ್ಸುಮ್ನೆ ತೂಕ ಇಳಿಯುತ್ತಿರುವವರು, ತುಂಬಾ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಬಿದ್ದು ಪೆಟ್ಟಾದ ಮೇಲೆ ನೋವು ಬಂದವರು ಕೂಡ ಆರು ವಾರ ಕಾದು ನೋಡೋಣ ಅನ್ನಬಾರದು. ಈ ಯಾವ ಲಕ್ಷಣವೂ ಇಲ್ಲದವರು ಧೈರ್ಯವಾಗಿ ಕಾಯಬಹುದು.

ಪ್ರಶ್ನೆ: ಎಂಆರ್‌ಐ ವರದಿಯಲ್ಲಿ ಡಿಸ್ಕ್ ಬಲ್ಜ್, ಡಿಜನರೇಶನ್, ಡೆಸಿಕೇಶನ್ ಅಂತ ಒಂದು ಪುಟ ಬರೆದಿದ್ದಾರೆ. ನನಗಿನ್ನೂ 41 ವರ್ಷ. ಓದಿದ ದಿನದಿಂದ ನಿದ್ದೆ ಇಲ್ಲ. ನನ್ನ ಬೆನ್ನು ಹಾಳಾಗಿಹೋಯಿತಾ?

ಹಾಳಾಗಿಲ್ಲ. ವಯಸ್ಸಾದಂತೆ ಕೂದಲು ಬೆಳ್ಳಗಾಗುತ್ತದೆ, ಡಿಸ್ಕಿನಲ್ಲಿ ನೀರಿನ ಅಂಶ ಕಮ್ಮಿಯಾಗುತ್ತದೆ. ಡೆಸಿಕೇಶನ್ ಅಂದರೆ ಇಷ್ಟೇ. ಡಿಜನರೇಶನ್ ಅಂದರೆ ಸವೆತ, ಬಲ್ಜ್ ಅಂದರೆ ಉಬ್ಬು. ಬೆನ್ನು ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ನೋಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಏನೂ ನೋವಿಲ್ಲದ 20 ವರ್ಷದವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. 40ರ ವಯಸ್ಸಿಗೆ ಅದು ಶೇ 50, 80ರ ವಯಸ್ಸಿಗೆ ಶೇ 84. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು.

ಹಾಗಾದರೆ ವರದಿ ಬರೆದವರದು ತಪ್ಪಾ? ಅಲ್ಲ. ಕಂಡದ್ದನ್ನೆಲ್ಲ ಬರೆಯುವುದು ಅವರ ಕೆಲಸ. ಅದರಲ್ಲಿ ಯಾವುದು ನಿಮ್ಮ ನೋವಿಗೆ ಸಂಬಂಧಪಟ್ಟದ್ದು ಅಂತ ನೋಡುವುದು ಪರೀಕ್ಷೆ ಮಾಡಿದ ಡಾಕ್ಟರ ಕೆಲಸ. ನಿಮ್ಮ ನೋವು ಬಲಗಾಲಿನ ಕಿರುಬೆರಳಿಗೆ ಹೋಗುತ್ತಿದ್ದು, ವರದಿಯಲ್ಲಿ ಎಲ್‌5-ಎಸ್‌1 ಡಿಸ್ಕ್ ಬಲಗಡೆಯ ಎಸ್‌1 ಬೇರಿಗೆ ತಾಗಿದೆ ಅಂತಿದ್ದರೆ ಎರಡೂ ತಾಳೆಯಾಗುತ್ತವೆ. ನೋವು ಬಲಗಡೆ, ಉಬ್ಬಿದ್ದು ಎಡಗಡೆ ಅಂತಾದರೆ ಆ ಸಾಲು ನಿಮ್ಮ ನೋವಿನ ಕಥೆಯಲ್ಲ. ವರದಿ ಹಿಡಿದು ಹೋದಾಗ ಇದೊಂದೇ ಪ್ರಶ್ನೆ ಕೇಳಿ: "ಇದರಲ್ಲಿ ಯಾವ ಸಾಲು ನನ್ನ ಕಾಲಿನ ನೋವಿಗೆ ಹೊಂದುತ್ತದೆ?"

ಇನ್ನೊಂದು ಸಮಾಧಾನದ ವಿಷಯ. ಹೊರಬಂದ ತಿರುಳನ್ನು ನಮ್ಮ ಮೈಯೇ ಕರಗಿಸಿ ತೆಗೆದುಹಾಕುತ್ತದೆ. ರಕ್ತದ ಜೊತೆ ಬರುವ ರಕ್ಷಣಾ ಕೋಶಗಳು ಅದನ್ನು ತಿನ್ನುತ್ತವೆ. ಬರೀ ಉಬ್ಬಿದ ಡಿಸ್ಕಿಗಿಂತ ಪೂರ್ತಿ ಹೊರಬಂದು ಬಿಡಿಯಾದ ತುಂಡೇ ಕರಗುವ ಸಾಧ್ಯತೆ ಜಾಸ್ತಿ. ಅಂದರೆ ವರದಿಯಲ್ಲಿ ಭಯಂಕರವಾಗಿ ಕಾಣುವುದು ಎಷ್ಟೋ ಸಲ ತಾನಾಗಿ ಸಣ್ಣದಾಗುತ್ತದೆ.

ಅಪಾಯದ ಲಕ್ಷಣ ಇಲ್ಲದಿದ್ದರೆ ಮೊದಲ ಆರು ವಾರದಲ್ಲಿ ಎಂಆರ್‌ಐ ಬೇಕಾಗುವುದಿಲ್ಲ. ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ, ಹೆದರಿಕೆ ಮಾತ್ರ ಜಾಸ್ತಿಯಾಗುತ್ತದೆ. ಹೆದರಿದವರು ಬೆನ್ನು ಬಗ್ಗಿಸಲೂ ಅಂಜಿ, ಮೈಯೆಲ್ಲ ಬಿಗಿಹಿಡಿದು ನಡೆಯುತ್ತಾರೆ. ಆ ಬಿಗಿತವೇ ಆಮೇಲೆ ಇನ್ನೊಂದು ನೋವಾಗುತ್ತದೆ. ಇಂಜೆಕ್ಷನ್ ಅಥವಾ ಸರ್ಜರಿಯ ಯೋಚನೆ ಬಂದಾಗ ಸ್ಕ್ಯಾನ್ ಬೇಕೇ ಬೇಕು.

ಪ್ರಶ್ನೆ: ಮೂರು ವಾರ ಪೂರ್ತಿ ಮಲಗಿರಿ ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ಎದ್ದರೆ ನರ ಇನ್ನೂ ಹಾಳಾಗುತ್ತದಂತೆ. ಏನು ಮಾಡಲಿ?

ನೋವು ತಡೆಯಲಾರದಷ್ಟು ಇದ್ದರೆ ಒಂದೆರಡು ದಿನ ಮಲಗಿ. ಅದಕ್ಕಿಂತ ಜಾಸ್ತಿ ಬೇಡ. 1999ರಲ್ಲಿ ನೆದರ್ಲೆಂಡ್ಸಿನಲ್ಲಿ ಸಯಾಟಿಕಾ ಇದ್ದ 183 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ವಾರ ಹಾಸಿಗೆಯಲ್ಲಿ, ಇನ್ನೊಂದು ಗುಂಪು ಎಂದಿನಂತೆ ಆದಷ್ಟು ಓಡಾಡಿಕೊಂಡು. 12 ವಾರ ಕಳೆದಾಗ ಎರಡೂ ಗುಂಪಿನಲ್ಲಿ ಶೇ 87ರಷ್ಟು ಜನ ಸುಧಾರಿಸಿದ್ದರು. ಮಲಗಿದ್ದರಿಂದ ಏನೂ ಹೆಚ್ಚಿನ ಲಾಭ ಆಗಲಿಲ್ಲ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಮನಸ್ಸೂ ಕುಗ್ಗುತ್ತದೆ.

ಎದ್ದು ಓಡಾಡಿದರೆ ನರ ಹಾಳಾಗುವುದಿಲ್ಲ. ನೋವು ಬಂತು ಅಂದಮಾತ್ರಕ್ಕೆ ಪೆಟ್ಟಾಯಿತು ಅಂತಲ್ಲ.

ಮೊದಲ ಕೆಲವು ದಿನ ಹೀಗೆ ಮಾಡಿ ನೋಡಿ. ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲೆ ಇಟ್ಟುಕೊಳ್ಳಿ, ಸೊಂಟ ಮತ್ತು ಮೊಣಕಾಲು ಎರಡೂ ಮಡಚಿರಲಿ. ಸುಮಾರು ಜನರಿಗೆ ಇದರಿಂದ ಆರಾಮ ಸಿಗುತ್ತದೆ. ಪಕ್ಕಕ್ಕೆ ಮಲಗುವುದಾದರೆ ನೋವಿನ ಕಾಲು ಮೇಲಿರಲಿ, ಮೊಣಕಾಲುಗಳ ನಡುವೆ ದಿಂಬು ಇರಲಿ. ಹಾಸಿಗೆಯಿಂದ ಏಳುವಾಗ ನೇರವಾಗಿ ಎದ್ದು ಕೂರಬೇಡಿ. ಮೊದಲು ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಿ, ಅದೇ ಹೊತ್ತಿಗೆ ಕೈಯಿಂದ ಮೈಯನ್ನು ಮೇಲಕ್ಕೆ ತಳ್ಳಿ. ಸೊಂಟ ತಿರುಚುವುದಿಲ್ಲ, ಚಳುಕೂ ಕಮ್ಮಿ.

ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಜೋಪಾನ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬಿರುತ್ತವೆ, ಬೆಳಿಗ್ಗೆ ನಮ್ಮ ಎತ್ತರವೇ ಒಂದು ಸೆಂಟಿಮೀಟರಿನಷ್ಟು ಜಾಸ್ತಿ ಇರುತ್ತದೆ. ಆ ಹೊತ್ತಿನಲ್ಲಿ ಪೂರ್ತಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಹೆಚ್ಚು. ಎದ್ದ ಕೂಡಲೇ ಬಗ್ಗಿ ಬಕೆಟ್ ಎತ್ತುವುದು, ಮುಂದಕ್ಕೆ ಬಾಗಿ ವ್ಯಾಯಾಮ ಮಾಡುವುದು ಬೇಡ. ಸ್ವಲ್ಪ ಹೊತ್ತು ಓಡಾಡಿ, ಆಮೇಲೆ ಕೆಲಸ ಶುರುಮಾಡಿ.

ಡಿಸ್ಕಿನಿಂದ ಬಂದ ಸಯಾಟಿಕಾಕ್ಕೆ ದೊಡ್ಡ ಶತ್ರು ಕೂರುವುದು. ಅದರಲ್ಲೂ ಕುಗ್ಗಿ ಕೂರುವುದು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಫೋನ್ ಬಂದರೆ ನಿಂತೇ ಮಾತಾಡಿ. ನಡಿಗೆ ಒಳ್ಳೆಯದು, ಆದರೆ ಒಂದೇ ಸಲ ಅರ್ಧ ಗಂಟೆ ನಡೆದು ರಾತ್ರಿಯೆಲ್ಲ ನರಳುವುದಕ್ಕಿಂತ ಐದೈದು ನಿಮಿಷ ಹಲವು ಸಲ ನಡೆಯುವುದು ವಾಸಿ. ಬಿಸಿ ಶಾಖ, ತಣ್ಣನೆ ಶಾಖ, ಯಾವುದು ಹಿತವೋ ಅದನ್ನು ಕೊಡಿ. ಮರಗಟ್ಟಿದ ಜಾಗಕ್ಕೆ ಮಾತ್ರ ಬಿಸಿ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ನೋಡಿ ವ್ಯಾಯಾಮ ಮಾಡುತ್ತಿದ್ದೇನೆ. ಒಂದು ವಿಡಿಯೋದಲ್ಲಿ ಮುಂದಕ್ಕೆ ಬಗ್ಗಿ ಅಂತಾರೆ, ಇನ್ನೊಂದರಲ್ಲಿ ಹಿಂದಕ್ಕೆ ಬಾಗಿ ಅಂತಾರೆ. ಯಾರನ್ನು ನಂಬಲಿ?

ನಿಮ್ಮ ಕಾಲನ್ನು ನಂಬಿ. ಒಂದು ಚಲನೆಯನ್ನು ನಿಧಾನವಾಗಿ ಎಂಟು ಹತ್ತು ಸಲ ಮಾಡಿದ ಮೇಲೆ ನೋವು ಎಲ್ಲಿದೆ ಅಂತ ಗಮನಿಸಿ. ಪಾದದಲ್ಲಿದ್ದದ್ದು ಮೊಣಕಾಲಿಗೆ, ಮೊಣಕಾಲಿನದ್ದು ಪಿರ್ರೆಗೆ ಅಂತ ಮೇಲಕ್ಕೆ ಸರಿಯುತ್ತಿದ್ದರೆ ಆ ಚಲನೆ ನಿಮಗೆ ಸರಿ. ಆಗ ಸೊಂಟದಲ್ಲಿ ನೋವು ಸ್ವಲ್ಪ ಜಾಸ್ತಿಯಾದರೂ ಹೆದರಬೇಡಿ, ಅದು ಒಳ್ಳೆಯ ಸೂಚನೆ. ನೋವು ಕೆಳಕ್ಕೆ ಇಳಿಯುತ್ತಾ ಹೋದರೆ, ಜೋಮು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ, ವಿಡಿಯೋದಲ್ಲಿ ಯಾರು ಏನೇ ಹೇಳಲಿ.

ಡಿಸ್ಕಿನ ತೊಂದರೆ ಇರುವ ಸುಮಾರು ಜನರಿಗೆ ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು ಹಿತ ಅನ್ನಿಸುತ್ತದೆ. ನರದ ದಾರಿ ಕಿರಿದಾದ ವಯಸ್ಸಾದವರಿಗೆ ಇದೇ ಚಲನೆ ನೋವು ಹೆಚ್ಚಿಸುತ್ತದೆ, ಅವರಿಗೆ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು ಹಿತ. ಎಲ್ಲರಿಗೂ ಒಂದೇ ವ್ಯಾಯಾಮ ಹೇಳಲಾಗದಿರುವುದು ಇದಕ್ಕೇ. ಒಂದೆರಡು ಸಲವಾದರೂ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ನಿಮಗೆ ಯಾವ ದಿಕ್ಕು ಅಂತ ತಿಳಿದುಕೊಂಡು ಬನ್ನಿ. ಆಮೇಲೆ ಮನೆಯಲ್ಲೇ ಮಾಡಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ತೊಡೆಯ ಹಿಂದೆ ಬಿಗಿದಿದೆ ಅಂತ ಕಾಲನ್ನು ಜೋರಾಗಿ ಎಳೆದು ಸ್ಟ್ರೆಚ್ ಮಾಡಬೇಡಿ. ಅಲ್ಲಿ ಬಿಗಿದಿರುವುದು ಸ್ನಾಯು ಅಂದುಕೊಳ್ಳುತ್ತೀರಿ, ನೀವು ಎಳೆಯುತ್ತಿರುವುದು ಕೆರಳಿದ ನರವನ್ನು. ಮೊದಲ ವಾರಗಳಲ್ಲಿ ಬೆನ್ನು ತುಳಿಸುವುದು, ಜೋರಾಗಿ ತಿರುಚಿ ಲಟಕ್ ಅನ್ನಿಸುವುದು ಕೂಡ ಬೇಡ.

ಪ್ರಶ್ನೆ: ಪ್ರೀಗ್ಯಾಬಲಿನ್ ಮಾತ್ರೆ ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ತಲೆ ಸುತ್ತು, ಮಂಪರು. ನೋವು ಹಾಗೇ ಇದೆ. ಮುಂದುವರಿಸಬೇಕಾ?

ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಆದರೆ ಕೇಳಲೇಬೇಕು. ಪ್ರೀಗ್ಯಾಬಲಿನ್ ನರದ ನೋವಿಗೆ ಕೊಡುವ ಮಾತ್ರೆ. ಸಯಾಟಿಕಾ ಇದ್ದವರಿಗೆ ಅದನ್ನು ಮತ್ತು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಯನ್ನು ಕೊಟ್ಟು ಹೋಲಿಸಿದ ಪರೀಕ್ಷೆಯೊಂದು 2017ರಲ್ಲಿ ಆಸ್ಟ್ರೇಲಿಯಾದಿಂದ ಪ್ರಕಟವಾಯಿತು. ನೋವು ಕಡಿಮೆಯಾಗುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ತಲೆಸುತ್ತಿನಂತಹ ತೊಂದರೆ ಮಾತ್ರ ನಿಜವಾದ ಮಾತ್ರೆ ತಿಂದವರಲ್ಲಿ ಹೆಚ್ಚಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ತಿದ್ದಿದ ಮಾರ್ಗಸೂಚಿಯಲ್ಲಿ ಸಯಾಟಿಕಾಕ್ಕೆ ಈ ಗುಂಪಿನ ಔಷಧಿ ಕೊಡಬೇಡಿ, ಸ್ಟೀರಾಯ್ಡ್ ಮಾತ್ರೆಯನ್ನೂ ಕೊಡಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ಆದರೂ ಇವತ್ತಿಗೂ ಧಾರಾಳವಾಗಿ ಬರೆಯುತ್ತಾರೆ, ಅದು ನನಗೆ ಬೇಸರದ ವಿಷಯ. ನೀವಾಗಿಯೇ ಒಂದೇ ಸಲ ನಿಲ್ಲಿಸಬೇಡಿ, ನಿಧಾನವಾಗಿ ಇಳಿಸಬೇಕು. ಮಂಪರು ಇರುವಷ್ಟು ದಿನ ಗಾಡಿ ಓಡಿಸಬೇಡಿ.

ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ತರಹದ ಉರಿಯೂತದ ಮಾತ್ರೆಗಳು ಕೆಲವರಿಗೆ ಸ್ವಲ್ಪ ಆರಾಮ ಕೊಡುತ್ತವೆ. ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ತಿನ್ನಲೇಬಾರದು. ಬಿ12 ಮಾತ್ರೆ ಕೊರತೆ ಇದ್ದರೆ ಬೇಕು, ಇಲ್ಲದಿದ್ದರೆ ಅದರಿಂದ ಡಿಸ್ಕಿಗೆ ಏನೂ ಆಗುವುದಿಲ್ಲ.

ಬೆನ್ನಿನಲ್ಲಿ ನರದ ಬೇರಿನ ಹತ್ತಿರ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಕೆಲವರು ಕೇಳಿದ್ದಾರೆ. ಮೊದಲ ವಾರಗಳ ವಿಪರೀತ ನೋವಿಗೆ ಸ್ವಲ್ಪ ಕಾಲ ಆರಾಮ ಸಿಗಬಹುದು. ಒಂದು ವರ್ಷದ ಲೆಕ್ಕ ಹಿಡಿದರೆ ದೊಡ್ಡ ವ್ಯತ್ಯಾಸ ಮಾಡುವುದಿಲ್ಲ.

ಪ್ರಶ್ನೆ: ಎರಡೂವರೆ ತಿಂಗಳಾಯಿತು, ರಾತ್ರಿ ನಿದ್ದೆ ಇಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ. ಆಪರೇಷನ್ ಮಾಡಿಸಿ ಅಂತ ಒಬ್ಬರು, ಬೆನ್ನಿಗೆ ಕೈ ಹಾಕಿಸಬೇಡಿ ಅಂತ ಹತ್ತು ಜನ. ನೀವೇನು ಹೇಳುತ್ತೀರಿ?

ಇದರಲ್ಲಿ ಹತ್ತು ಜನರ ಮಾತಿಗಿಂತ ನಿಮ್ಮ ನೋವಿನ ಮಾತು ದೊಡ್ಡದು. ನೆದರ್ಲೆಂಡ್ಸಿನಲ್ಲೇ ಆದ ಇನ್ನೊಂದು ಅಧ್ಯಯನ, 2007ರದು, ನಿಮ್ಮಂಥವರ ಮೇಲೆಯೇ ನಡೆದದ್ದು. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಜನ. ಅರ್ಧ ಜನರಿಗೆ ಬೇಗ ಸರ್ಜರಿ, ಉಳಿದವರಿಗೆ ಔಷಧಿ, ವ್ಯಾಯಾಮ, ಕಾಯುವಿಕೆ. ಸರ್ಜರಿಯವರಲ್ಲಿ ಅರ್ಧದಷ್ಟು ಜನ ಚೇತರಿಸಿಕೊಳ್ಳಲು 4 ವಾರ ಹಿಡಿಯಿತು, ಕಾದವರಲ್ಲಿ 12 ವಾರ. ಕಾದವರಲ್ಲಿ ಶೇ 39ರಷ್ಟು ಜನ ಕೊನೆಗೆ ನೋವು ತಾಳದೆ ಸರ್ಜರಿ ಮಾಡಿಸಿಕೊಂಡರು. ಆದರೆ ವರ್ಷದ ಕೊನೆಗೆ ನೋಡಿದರೆ ಎರಡೂ ಗುಂಪಿನಲ್ಲಿ ಶೇ 95ರಷ್ಟು ಜನ ಚೇತರಿಸಿಕೊಂಡಿದ್ದರು.

ಅಂದರೆ ನಿಮ್ಮಂಥವರಿಗೆ ಸರ್ಜರಿ ಮುಖ್ಯವಾಗಿ ಕೊಡುವುದು ಬೇಗದ ಆರಾಮ. ಆ ಕೆಲವು ತಿಂಗಳು ನಿಮಗೆ ಎಷ್ಟು ಮುಖ್ಯ ಅಂತ ಹೇಳಬೇಕಾದವರು ನೀವೇ. ವಾರದಿಂದ ವಾರಕ್ಕೆ ಸ್ವಲ್ಪವಾದರೂ ಇಳಿಯುತ್ತಿದ್ದರೆ ಕಾಯಿರಿ. ಇಳಿಯುತ್ತಲೇ ಇಲ್ಲ, ಜೀವನ ನಿಂತುಹೋಗಿದೆ, ಸ್ಕ್ಯಾನ್ ಮತ್ತು ಪರೀಕ್ಷೆ ತಾಳೆಯಾಗುತ್ತಿವೆ ಅಂದರೆ ಮಾಡಿಸಿಕೊಳ್ಳುವುದು ತಪ್ಪಲ್ಲ. ಡಿಸ್ಕಿನ ಹೊರಬಂದ ತುಂಡನ್ನು ಮಾತ್ರ ತೆಗೆಯುವ ಮೈಕ್ರೋಡಿಸೆಕ್ಟಮಿಯಲ್ಲಿ ಮಾರನೇ ದಿನದೊಳಗೇ ನಿಮ್ಮನ್ನು ಎಬ್ಬಿಸಿ ನಡೆಸುತ್ತಾರೆ. ಕಾಲಿನ ನೋವು ಚೆನ್ನಾಗಿ ಹೋಗುತ್ತದೆ, ಸೊಂಟದ ನೋವಿಗೆ ಅಷ್ಟೊಂದು ಭರವಸೆ ಕೊಡಲಾಗುವುದಿಲ್ಲ. ಜೋಮು ನಿಧಾನಕ್ಕೆ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಅದೇ ಡಿಸ್ಕ್ ಮತ್ತೆ ಹೊರಬರುವುದೂ ಉಂಟು. ಇದನ್ನೆಲ್ಲ ಸರ್ಜನ್ ಬಾಯಿಂದ ಕೇಳಿ ತಿಳಿದುಕೊಂಡು ತೀರ್ಮಾನ ಮಾಡಿ.

ಪ್ರಶ್ನೆ: ಅಮ್ಮನಿಗೆ 70 ವರ್ಷ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ ಸೋಲುತ್ತವೆ. ಕೂತರೆ ಸರಿಹೋಗುತ್ತದೆ. ಗಾಡಿ ತಳ್ಳಿಕೊಂಡು ಬಗ್ಗಿ ನಡೆದರೆ ತೊಂದರೆ ಇಲ್ಲ. ಇದೂ ಸಯಾಟಿಕಾನಾ?

ನೀವು ಗಮನಿಸಿ ಬರೆದಿರುವುದು ತುಂಬಾ ಉಪಯೋಗದ ಮಾಹಿತಿ. ಇದು ಹೆಚ್ಚಾಗಿ ಬೆನ್ನುಮೂಳೆಯ ಒಳದಾರಿ ಕಿರಿದಾಗುವ ಸ್ಟೆನೋಸಿಸ್. ನೆಟ್ಟಗೆ ನಿಂತಾಗ ದಾರಿ ಇನ್ನೂ ಕಿರಿದಾಗುತ್ತದೆ, ಬಗ್ಗಿದಾಗ ಅಗಲವಾಗುತ್ತದೆ. ಡಿಸ್ಕಿನವರಿಗೆ ಕೂತರೆ ಕಷ್ಟ, ಇವರಿಗೆ ಕೂತರೆ ಸುಖ. ಕೂತು ತುಳಿಯುವ ಸೈಕಲ್ ವ್ಯಾಯಾಮ ಇವರಿಗೆ ಚೆನ್ನಾಗಿ ಒಗ್ಗುತ್ತದೆ. ನಡೆದಾಗ ಮೀನಖಂಡ ಹಿಡಿದು, ಕೂರದೆ ಸುಮ್ನೆ ನಿಂತರೂ ನೋವು ಹೋಗುವುದಾದರೆ ಕಾಲಿನ ರಕ್ತನಾಳ ಕಟ್ಟಿರಬಹುದು, ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಬೇಕು. ಧೂಮಪಾನ ಮಾಡುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ಮರೆಯಬಾರದು. ಇನ್ನು, ಎರಡೂ ಕಾಲು ಅಂತ ಬರೆದಿದ್ದೀರಿ. ನಡೆದಾಗ ಮಾತ್ರ ಬಂದು ಕೂತರೆ ಹೋಗುವ, ನಿಧಾನವಾಗಿ ವರ್ಷಗಟ್ಟಲೆ ಬೆಳೆದ ತೊಂದರೆ ತುರ್ತಲ್ಲ. ಮೂತ್ರ, ಮಲ ಅಥವಾ ಸ್ಪರ್ಶದ ತೊಂದರೆ ಹೊಸದಾಗಿ ಸೇರಿಕೊಂಡರೆ ಮಾತ್ರ ಮೂರನೇ ಉತ್ತರಕ್ಕೆ ಹೋಗಿ.

ಕೆಲವು ಚುಟುಕು ಪ್ರಶ್ನೆಗಳು

*ಏಳು ತಿಂಗಳ ಗರ್ಭಿಣಿ. ಪಿರ್ರೆ ನೋವು, ತೊಡೆಗೂ ಬರುತ್ತದೆ.* ಗರ್ಭಿಣಿಯರಲ್ಲಿ ಇದು ಬಹುಪಾಲು ಸೊಂಟದ ಹಿಂದಿನ ಕೀಲುಗಳ ನೋವು, ಡಿಸ್ಕಿನದ್ದು ಅಪರೂಪ. ಮೊಣಕಾಲ ನಡುವೆ ದಿಂಬು, ಎರಡೂ ಕಾಲು ಜೋಡಿಸಿಕೊಂಡೇ ಹೊರಳುವುದು, ಒಂದೇ ಕಾಲ ಮೇಲೆ ನಿಂತು ಬಟ್ಟೆ ಹಾಕಿಕೊಳ್ಳದಿರುವುದು, ಇಷ್ಟರಿಂದಲೇ ತುಂಬಾ ಆರಾಮ. ಐಬುಪ್ರೊಫೆನ್ ತರಹದ ಮಾತ್ರೆ ಈ ಹಂತದಲ್ಲಿ ಬೇಡ.

*ಪಿರ್ರೆಗೆ ಇಂಜೆಕ್ಷನ್ ಕೊಟ್ಟ ಕ್ಷಣದಲ್ಲೇ ಕಾಲಿಗೆ ಬೆಂಕಿ ಹೊಡೆದಂತಾಯಿತು, ಈಗ ಪಾದ ಎತ್ತಲಾಗುತ್ತಿಲ್ಲ.* ಸೂಜಿ ನರಕ್ಕೆ ಅಥವಾ ಅದರ ಪಕ್ಕಕ್ಕೆ ಹೋಗಿರಬಹುದು. ತಕ್ಷಣ ನರರೋಗ ತಜ್ಞರಿಗೆ ತೋರಿಸಿ, ಫಿಸಿಯೋಥೆರಪಿ ಬೇಗ ಶುರುವಾಗಲಿ. ಪಿರ್ರೆಯಲ್ಲಿ ಇಂಜೆಕ್ಷನ್ ಕೊಡಲೇಬೇಕಾದರೆ, ಪಿರ್ರೆಯನ್ನು ನಾಲ್ಕು ಭಾಗ ಮಾಡಿದಾಗ ಮೇಲೆ ಹೊರಬದಿಗೆ ಬರುವ ಭಾಗದಲ್ಲಿ ಮಾತ್ರ ಕೊಡಬೇಕು. ತೆಳ್ಳಗಿನವರು, ಮಕ್ಕಳು ಇನ್ನೂ ಜಾಗ್ರತೆ, ಅವರಿಗೆ ತೊಡೆಯ ಹೊರಬದಿ ವಾಸಿ.

*ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟರೆ ಬರುತ್ತದಾ?* ಅದರ ಮೇಲೆ ಗಂಟೆಗಟ್ಟಲೆ ಕೂತರೆ ಪಿರ್ರೆಯಲ್ಲಿ ನರ ಕೆರಳಬಹುದು. ಗಾಡಿ ಓಡಿಸುವವರು ಮುಂದಿನ ಜೇಬಿಗೆ ಹಾಕಿಕೊಳ್ಳಿ.

*ಸೊಂಟದ ಬೆಲ್ಟ್ ಎಷ್ಟು ದಿನ ಹಾಕಬೇಕು?* ಹಾಕಲೇಬೇಕು ಅಂತಿಲ್ಲ. ಅದರಿಂದ ಡಿಸ್ಕ್ ವಾಸಿಯಾಗುವುದಿಲ್ಲ. ಪ್ರಯಾಣದ ಹೊತ್ತಿನಲ್ಲಿ ಧೈರ್ಯ ಬರುತ್ತದೆ ಅನ್ನಿಸಿದರೆ ಹಾಕಿ, ಮನೆಗೆ ಬಂದು ಬಿಚ್ಚಿಡಿ.